ನಾಲ್ಕು ವರ್ಷದ ಹುಡುಗನನ್ನು ಬರೆಯಲು ಕೂತರೆ ನಲವತ್ತರ ಗಂಡಸು ಬರುತ್ತಾನೆ, ಯಾಕೆ?

ಹಿತ್ತಲ ಬಾಗಿಲು:

ಎಲ್ಲರಿಗೂ ನಮಸ್ಕಾರ. ಇಲ್ಲಿ ಚಿತ್ರ ಬರೆಯುವವರು ಸುಮಾರು ಜನ ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ. ನಗಬೇಡಿ.

ನಾನು ಚಿತ್ರ ಕಲಿತವಳಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆ ಪಾಸು ಮಾಡಿದ್ದೆ, ಹೈಯರ್ ಗ್ರೇಡಿಗೆ ಫೀಸು ಕಟ್ಟಿ ಹೋಗಲೇ ಇಲ್ಲ. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಹದಿನೆಂಟು ವರ್ಷ ಆದ ಮೇಲೆ ಈಗ ಮತ್ತೆ ಪೆನ್ಸಿಲ್ ಹಿಡಿದಿದ್ದೇನೆ. ಕಾರಣ ನನ್ನ ಅಕ್ಕನ ಮಗ ಪುಟ್ಟ. ನಾಲ್ಕು ವರ್ಷ. ಅಕ್ಕ ಬಿ.ಎಡ್ ಓದಲು ಶಿವಮೊಗ್ಗಕ್ಕೆ ಬಂದು ನಮ್ಮ ಮನೆಯಲ್ಲೇ ಇದ್ದಾಳೆ, ಹಾಗಾಗಿ ಮಧ್ಯಾಹ್ನವೆಲ್ಲ ಅವನು ನನ್ನ ಪಾಲು. ಪರೀಕ್ಷೆ ಮುಗಿದ ಮೇಲೆ ಇಬ್ಬರೂ ಊರಿಗೆ ಹೋಗುತ್ತಾರೆ. ಅಷ್ಟರೊಳಗೆ ಒಂದು ಪುಸ್ತಕ ಅವನಿಂದಲೇ ತುಂಬಿಸಬೇಕು ಅಂತ ಆಸೆ.

ಫೋಟೋ ಬೇಕಾದಷ್ಟಿವೆ, ಎಲ್ಲದರಲ್ಲೂ ಹಲ್ಲು ಕಿರಿದುಕೊಂಡು ನಿಂತಿದ್ದಾನೆ. ನನಗೆ ಬೇಕಾದದ್ದು ಅದಲ್ಲ. ಅವನು ಬಚ್ಚಲಮನೆ ಬಾಗಿಲಲ್ಲಿ ಟವೆಲ್ ಸುತ್ತಿಕೊಂಡು ನಡುಗುತ್ತಾ ನಿಲ್ಲುವುದು, ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡು ಎರಡು ಹೆಜ್ಜೆ ನಡೆದು ಏನೋ ಸರಿಯಿಲ್ಲ ಅಂತ ಬಗ್ಗಿ ನೋಡುವುದು, ಮೊಸರನ್ನದ ಬಟ್ಟಲಿನಲ್ಲಿ ದಾಳಿಂಬೆ ಕಾಳು ಹುಡುಕುವುದು. ಇಂಥವು.

ಮೊನ್ನೆ ಕಡಲೆಕಾಯಿ ಸುಲಿಯುತ್ತಾ ಕೂತಿದ್ದ. ಕಾಲು ಎರಡೂ ಅಗಲಿಸಿ ಚಾಚಿದ್ದಾನೆ, ನಡುವೆ ತಟ್ಟೆ. ಎರಡು ಹೆಬ್ಬೆರಳಿನಿಂದ ಅದುಮಿ ನೋಡುತ್ತಾನೆ, ಒಡೆಯುವುದಿಲ್ಲ, ಆಮೇಲೆ ದವಡೆಗೆ ಕೊಟ್ಟು ಕಟ್ ಅನ್ನಿಸುತ್ತಾನೆ. ನಾಲಿಗೆ ಆಚೆ. ಸಿಪ್ಪೆಯೆಲ್ಲ ಚಡ್ಡಿ ಮೇಲೆ. ನಾನು ಅರ್ಧ ಗಂಟೆ ಕೂತು ಬರೆದೆ. ಕೆನ್ನೆ ಗುಂಡಗೆ ಕಾಣಲಿ ಅಂತ ಚೆನ್ನಾಗಿ ಶೇಡ್ ಮಾಡಿದೆ, ನಗುತ್ತಿದ್ದ ಅಂತ ಮೂಗಿನ ಎರಡೂ ಪಕ್ಕ ಗೆರೆ ಎಳೆದೆ. ಅಮ್ಮನಿಗೆ ತೋರಿಸಿದರೆ, "ಥೇಟ್ ನಿಮ್ಮಪ್ಪ, ಕನ್ನಡಕ ಒಂದು ಹಾಕಿಬಿಡು" ಅಂದರು. ಅಪ್ಪನಿಗೆ ಭಾರಿ ಖುಷಿ. ನನಗೆ ಅಳು.

ಇಲ್ಲಿಗೆ ಹನ್ನೊಂದು ಚಿತ್ರ ಆಗಿದೆ, ಹನ್ನೊಂದರಲ್ಲೂ ಗಡ್ಡ ಬೋಳಿಸಿಕೊಂಡ ಗಂಡಸೇ. ಜೊತೆಗೆ ಅವನು ಒಂದು ನಿಮಿಷ ಕೂಡ ಒಂದೇ ಕಡೆ ಇರುವುದಿಲ್ಲ. ನನ್ನ ಹತ್ತಿರ ಇರುವುದು ಒಂದು ನಟರಾಜ ಎಚ್‌ಬಿ ಪೆನ್ಸಿಲ್, ಆಫೀಸಿನಿಂದ ತಂದ ಒಂದು ಮಗ್ಗುಲು ಪ್ರಿಂಟ್ ಆಗಿರುವ ಎ4 ಹಾಳೆ. ತಪ್ಪು ಪೆನ್ಸಿಲಿನದೋ ನನ್ನದೋ?

---

ಮೂಲೆ ಅಂಗಡಿ:

ಇದಕ್ಕೆ ಇಷ್ಟು ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ ಮೇಡಂ. ಫೋನಿನಲ್ಲಿ ಫೋಟೋ ತೆಗೆಯಿರಿ, ಪ್ರಿಂಟ್ ಹಾಕಿಸಿ, ಅದರ ಮೇಲೆ ಸ್ಕೇಲಿನಲ್ಲಿ ಒಂದೊಂದು ಇಂಚಿಗೆ ಚೌಕ ಹಾಕಿ, ಖಾಲಿ ಹಾಳೆಯಲ್ಲೂ ಅಷ್ಟೇ ಚೌಕ ಹಾಕಿ, ಒಂದೊಂದೇ ಮನೆ ನೋಡಿಕೊಂಡು ತುಂಬಿಸಿ. ಪುಟ್ಟ ಓಡಾಡಿಕೊಂಡಿರಲಿ, ನೀವು ರಾತ್ರಿ ಆರಾಮಾಗಿ ಬರೆಯಿರಿ. ಯಾರ ಮುಖ ಆದರೂ ಬರುತ್ತದೆ. ನಮ್ಮ ಅಂಗಡಿಗೆ ಬರುವ ಕಾಲೇಜು ಹುಡುಗರೆಲ್ಲ ಹಾಗೇ ಮಾಡುವುದು.

---

ಡ್ರಾಯಿಂಗ್ ಮೇಷ್ಟ್ರು (ನಿವೃತ್ತ):

ತಂಗಿ, ತಪ್ಪು ಪೆನ್ಸಿಲಿನದಲ್ಲ. ನಿಮ್ಮದೂ ಅಲ್ಲ, ಎಲ್ಲರೂ ಮಾಡುವ ತಪ್ಪು ಇದು. ಮೂವತ್ತು ವರ್ಷ ಹಾಸನದ ಕಡೆ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಹೇಳಿಕೊಟ್ಟಿದ್ದೇನೆ, ಮಗುವನ್ನು ಬರಿ ಅಂದರೆ ನೂರಕ್ಕೆ ತೊಂಬತ್ತು ಜನ ದೊಡ್ಡವರನ್ನು ಬರೆದು ಕುಗ್ಗಿಸುತ್ತಾರೆ. ಮಗು ಅಂದರೆ ಚಿಕ್ಕ ಸೈಜಿನ ದೊಡ್ಡವರಲ್ಲ. ಅಳತೆಯೇ ಬೇರೆ.

ನಿಮಗೆ ಒಂದು ಹಳೇ ಕಥೆ ನೆನಪಿರಬೇಕು, ಇಲ್ಲದಿದ್ದರೆ ನಿಮ್ಮ ಅಪ್ಪನನ್ನು ಕೇಳಿ. ಮೊದಲೆಲ್ಲ ಹುಟ್ಟಿದ ತಾರೀಕಿನ ಕಾಗದ ಯಾರ ಹತ್ತಿರ ಇರುತ್ತಿತ್ತು? ಒಂದನೇ ಕ್ಲಾಸಿಗೆ ಸೇರಿಸಲು ಹೋದರೆ ಹೆಡ್‌ಮಾಸ್ಟರು ಮಗುವಿಗೆ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಕಿವಿ ಮುಟ್ಟು ಅನ್ನುತ್ತಿದ್ದರು. ಮುಟ್ಟಿದರೆ ಸೇರಿಸಿಕೊಂಡರು, ಮುಟ್ಟದಿದ್ದರೆ ಬರುವ ವರ್ಷ ಬನ್ನಿ. ನಾವು ಅದನ್ನು ತಮಾಷೆ ಅಂದುಕೊಂಡಿದ್ದೆವು. ಅದರಲ್ಲಿ ಒಂದು ಲೆಕ್ಕ ಇದೆ. ಸಣ್ಣ ಮಗುವಿಗೆ ತಲೆ ದೊಡ್ಡದು, ಕೈ ಗಿಡ್ಡ. ನಾಲ್ಕು ವರ್ಷದ ಮಗುವಿನ ಕೈ ತಲೆ ದಾಟಿ ಆಚೆ ಕಿವಿಗೆ ಸಿಗುವುದಿಲ್ಲ. ಆರರ ಹೊತ್ತಿಗೆ ಸಿಗುತ್ತದೆ. ನಿಮ್ಮ ಪುಟ್ಟನಿಗೆ ಇವತ್ತೇ ಮಾಡಿಸಿ ನೋಡಿ, ಆಮೇಲೆ ನಿಮ್ಮ ಚಿತ್ರದ ಪುಟ್ಟನ ಕೈ ಅಳೆಯಿರಿ. ಅವನ ಕೈ ಕಿವಿಗೇನು, ಹೆಗಲಿಗೂ ಸಿಕ್ಕಿ ಮಿಕ್ಕುತ್ತದೆ ಅಂತ ನನಗೆ ಅನುಮಾನ.

ಪುಸ್ತಕದ ಲೆಕ್ಕದಲ್ಲಿ ಹೇಳುವುದಾದರೆ, ಹುಟ್ಟಿದ ಮಗುವಿನ ಉದ್ದ ಅದರ ತಲೆಯ ನಾಲ್ಕು ಪಟ್ಟು. ನಾಲ್ಕೈದು ವರ್ಷಕ್ಕೆ ಐದು ಪಟ್ಟು, ಐದೂವರೆ ಅನ್ನಿ. ದೊಡ್ಡವರು ಏಳು, ಏಳೂವರೆ. ನೀವು ಕೂತ ಮಗುವನ್ನು ಬರೆದಿದ್ದೀರಿ, ಅಲ್ಲಿ ಇದು ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಮೋಸ ಹೋಗಿದ್ದೀರಿ.

ಮುಖಕ್ಕೆ ಬರೋಣ. ದೊಡ್ಡವರ ತಲೆಯಲ್ಲಿ ಕಣ್ಣು ಇರುವುದು ಸರಿಯಾಗಿ ಅರ್ಧಕ್ಕೆ. ನೆತ್ತಿಯಿಂದ ಗಲ್ಲದ ತುದಿಗೆ ಅಳೆದು ನೋಡಿ, ಯಾರೂ ನಂಬುವುದಿಲ್ಲ, ಆದರೆ ಅರ್ಧಕ್ಕೇ ಇರುತ್ತದೆ. ಮಕ್ಕಳಲ್ಲಿ ಆ ಅರ್ಧದ ಗೆರೆಗಿಂತ ಕೆಳಗೆ. ಕಣ್ಣು, ಮೂಗು, ಬಾಯಿ ಎಲ್ಲ ಕೆಳಗಿನ ಅರ್ಧದಲ್ಲಿ ಒತ್ತಿಕೊಂಡು ಕೂತಿರುತ್ತವೆ, ಮೇಲಿನದೆಲ್ಲ ಹಣೆ. ಕಣ್ಣಿನ ಕರಿಗುಡ್ಡೆ ಎರಡು ಮೂರು ವರ್ಷಕ್ಕೇ ಹೆಚ್ಚುಕಡಿಮೆ ದೊಡ್ಡವರಷ್ಟು ಆಗಿಬಿಡುತ್ತದೆ, ಮುಖ ಆಮೇಲೆ ನಿಧಾನಕ್ಕೆ ಬೆಳೆಯುವುದು. ಅದಕ್ಕೇ ಮಕ್ಕಳ ಕಣ್ಣು ಅಷ್ಟು ದೊಡ್ಡದಾಗಿ, ಬಿಳಿ ಕಡಿಮೆ ಕಪ್ಪು ಜಾಸ್ತಿಯಾಗಿ ಕಾಣುವುದು. ಕತ್ತು ಸಣ್ಣ. ಭುಜ ಇಳಿಜಾರು, ತಲೆಗಿಂತ ಬಹಳ ಅಗಲ ಇಲ್ಲ. ಮೂಗಿನ ದಂಡೆ ಇನ್ನೂ ಎದ್ದಿರುವುದಿಲ್ಲ, ಅಲ್ಲಿ ಗೆರೆ ಎಳೆದಿರೋ ಕೆಟ್ಟಿರಿ. ಕೆಳಗೆ ಹೊಳ್ಳೆಗೆ ಎರಡು ಚುಕ್ಕೆ ಸಾಕು.

ಈಗ ಆ ಗಡ್ಡದ ವಿಷಯ. ಕೆನ್ನೆ ಗುಂಡಗೆ ಕಾಣಲಿ ಅಂತ ಶೇಡ್ ಮಾಡಿದೆ ಅಂದಿರಲ್ಲ, ಅಲ್ಲೇ ಹುಡುಗನ ವಯಸ್ಸು ಹೋಯಿತು. ಮಗುವಿನ ಕೆನ್ನೆಗೆ ಪೆನ್ಸಿಲ್ ಮುಟ್ಟಿಸಲೇಬಾರದು. ಹೊರಗಿನ ಅಂಚಿನ ಗೆರೆ ಒಂದೇ ಸರಿಯಾಗಿ ಉಬ್ಬಿ ಬಂದರೆ ಒಳಗಿನ ಬಿಳಿ ಹಾಳೆ ತಾನಾಗಿಯೇ ಗುಂಡಗಾಗುತ್ತದೆ. ಮೂಗಿನ ಪಕ್ಕದ ಆ ಎರಡು ಗೆರೆ ಇದೆಯಲ್ಲ, ಅದು ಒಂದೊಂದೂ ಇಪ್ಪತ್ತು ವರ್ಷ. ಎರಡೆಳೆದಿರಿ, ನಲವತ್ತಾಯಿತು. ನಗುವನ್ನು ಬಾಯಿಯ ತುದಿಯಲ್ಲಿ, ಕೆಳರೆಪ್ಪೆ ಸ್ವಲ್ಪ ಮೇಲೆ ಬರುವುದರಲ್ಲಿ ತೋರಿಸಿ. ಹಲ್ಲು ಕಂಡರೆ ಒಂದೊಂದಾಗಿ ಎಣಿಸಿ ಬರೆಯಬೇಡಿ, ಒಂದು ಬಿಳಿ ಪಟ್ಟಿ ಬಿಡಿ.

ಉಡುಪಿ ಹತ್ತಿರದ ಕಟ್ಟಿಂಗೇರಿಯವರು ಚಿತ್ರಕಾರ ಕೆ.ಕೆ. ಹೆಬ್ಬಾರ್, 1911ರಲ್ಲಿ ಹುಟ್ಟಿದವರು. ಅವರ ಗೆರೆಚಿತ್ರಗಳನ್ನು ಸಿಕ್ಕಿದಲ್ಲೆಲ್ಲ ನೋಡಿ. ಕುಣಿಯುವವರನ್ನು ನಾಲ್ಕಾರು ಗೆರೆಯಲ್ಲಿ ನಿಲ್ಲಿಸುತ್ತಾರೆ. ಎಷ್ಟು ಬರೆದಿದ್ದಾರೆ ಅಂತ ನೋಡುವುದಲ್ಲ, ಎಷ್ಟು ಬಿಟ್ಟಿದ್ದಾರೆ ನೋಡಿ.

ಪೆನ್ಸಿಲ್ ಒಂದು 2ಬಿ, ಒಂದು 4ಬಿ ತಗೊಳ್ಳಿ, ಎಚ್‌ಬಿಗಿಂತ ಮೆತ್ತಗೆ, ಕಪ್ಪಗೆ ಬರೆಯುತ್ತವೆ. ಬೆರಳಿನಿಂದ ಉಜ್ಜಬೇಡಿ. ಅದೊಂದು ಕೆಟ್ಟ ಚಾಳಿ, ಕೈಯಲ್ಲಿನ ಎಣ್ಣೆ ಹಾಳೆಗೆ ಹತ್ತಿ ಆ ಜಾಗ ಆಮೇಲೆ ಅಳಿಸಿದರೂ ಹೋಗುವುದಿಲ್ಲ.

---

ಕಿಟಕಿ ಸೀಟು:

ಮೇಷ್ಟ್ರು ಹೇಳಿದ್ದು ಓದಿ ನಾನೂ ಈಗ ಕೈ ಎತ್ತಿ ಕಿವಿ ಮುಟ್ಟಿಕೊಂಡೆ. ಪಾಸು.

ಓಡಾಡುವ ಮಗುವಿನ ಬಗ್ಗೆ ನಾನು ಹೇಳುತ್ತೇನೆ. ದಿನಾ ತುಮಕೂರು–ಬೆಂಗಳೂರು ರೈಲಿನಲ್ಲಿ ಹೋಗಿ ಬರುತ್ತೇನೆ, ಕೈಯಲ್ಲಿ ಅಂಗೈಯಗಲದ ಪುಸ್ತಕ, ಐದು ವರ್ಷದಿಂದ ಅದೇ ಚಟ. ರೈಲಿನಲ್ಲಿ ಯಾರೂ ನಮಗಾಗಿ ಕೂರುವುದಿಲ್ಲ. ನಿಡವಂದದಲ್ಲಿ ಹತ್ತಿದ ಮಗು ಯಶವಂತಪುರದಲ್ಲಿ ಇಳಿದುಹೋಗುತ್ತದೆ, ಅಷ್ಟರಲ್ಲಿ ಅದು ಕಿಟಕಿಗೆ ಹತ್ತಿ, ಇಳಿದು, ಅಮ್ಮನ ಸೆರಗಿನೊಳಗೆ ಹೊಕ್ಕು, ಮತ್ತೆ ಹತ್ತಿ, ಚುರುಮುರಿಗೆ ಅತ್ತು, ನಿದ್ದೆ ಹೋಗಿರುತ್ತದೆ.

ಒಂದು ವಿಷಯ ಗಮನಿಸಿ. ಮಕ್ಕಳು ಒಂದೇ ಕಡೆ ಇರುವುದಿಲ್ಲ ನಿಜ, ಆದರೆ ಮಾಡಿದ್ದನ್ನೇ ಮಾಡುತ್ತಾರೆ. ನಿಮ್ಮ ಪುಟ್ಟ ಕಡಲೆಕಾಯಿ ಎತ್ತಿಕೊಳ್ಳುತ್ತಾನೆ, ಹೆಬ್ಬೆರಳಿನಿಂದ ಅದುಮುತ್ತಾನೆ, ದವಡೆಗೆ ಕೊಡುತ್ತಾನೆ, ತಟ್ಟೆಗೆ ಬಗ್ಗುತ್ತಾನೆ. ನಾಲ್ಕೇ ಭಂಗಿ, ಸುತ್ತಿ ಸುತ್ತಿ ಅವೇ ಬರುತ್ತವೆ. ಒಂದೇ ಹಾಳೆಯಲ್ಲಿ ನಾಲ್ಕು ಚಿತ್ರ ಶುರು ಮಾಡಿ. ಅದುಮುವಾಗ ಎರಡನೆಯದಕ್ಕೆ ಎರಡು ಗೆರೆ, ಬಗ್ಗಿದ ತಕ್ಷಣ ಅದನ್ನು ಅಲ್ಲೇ ಬಿಟ್ಟು ನಾಲ್ಕನೆಯದಕ್ಕೆ ಎರಡು ಗೆರೆ. ಮತ್ತೆ ಅದುಮಲು ಬಂದಾಗ ಎರಡನೆಯದಕ್ಕೆ ವಾಪಸು. ಅರ್ಧ ಸೇರು ಕಾಯಿ ಮುಗಿಯುವ ಹೊತ್ತಿಗೆ ನಾಲ್ಕರಲ್ಲಿ ಎರಡಾದರೂ ತಕ್ಕಮಟ್ಟಿಗೆ ತುಂಬಿರುತ್ತವೆ. ಉಳಿದ ಎರಡು ಅರ್ಧಂಬರ್ಧ ಇದ್ದರೆ ಇರಲಿ ಬಿಡಿ, ನನ್ನ ಪುಸ್ತಕದಲ್ಲಿ ತಲೆಯಿಲ್ಲದ ಮಕ್ಕಳು ಎಷ್ಟಿವೆಯೋ ಲೆಕ್ಕವಿಲ್ಲ.

ಮೊದಲು ಬೆನ್ನಿನ ಗೆರೆ ಹಿಡಿಯಿರಿ, ಕತ್ತಿನಿಂದ ಕೂತ ಜಾಗದ ತನಕ ಒಂದೇ ಗೆರೆ. ಆಮೇಲೆ ತಲೆಯ ವಾಲು. ಇವೆರಡು ಸಿಕ್ಕರೆ ಮಗು ಸಿಕ್ಕಿದ ಹಾಗೆ. ಮುಖ ಕೊನೆಗೆ, ಇಲ್ಲದಿದ್ದರೂ ನಡೆಯುತ್ತದೆ. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅಷ್ಟೊಂದು ಕಾಗೆ ಬರೆದರಲ್ಲ, ಯಾವ ಕಾಗೆ ಅವರ ಮುಂದೆ ಕೂತು ಪೋಸ್ ಕೊಟ್ಟಿತ್ತು?

ಹಳೇ ಡಚ್ ಚಿತ್ರಕಾರ ರೆಂಬ್ರಾಂಟ್‌ನದೊಂದು ಸಣ್ಣ ಚಿತ್ರ ಇದೆ, ಸುಮಾರು 1656ರದ್ದು, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಅವರ ವೆಬ್‌ಸೈಟಿನಲ್ಲಿ ಸಿಗುತ್ತದೆ. ಮಗುವಿಗೆ ನಡೆಯಲು ಕಲಿಸುತ್ತಿದ್ದಾರೆ. ಆ ಕಡೆ ಅಮ್ಮ, ಈ ಕಡೆ ಅಕ್ಕ, ಎದುರಿಗೆ ಕುಳಿತು ಕೈ ಚಾಚಿರುವ ಅಪ್ಪ, ಹಿಂದೆ ಹಾಲಿನ ಬಕೆಟ್ ಹಿಡಿದು ಹೋಗುತ್ತಿರುವ ಹೆಂಗಸು. ಪೆನ್ಸಿಲ್ ಅಲ್ಲ, ಇಂಕು. ಅಳಿಸುವ ಮಾತೇ ಇಲ್ಲ. ಮಗುವಿನ ಮುಖಕ್ಕೆ ಹೆಚ್ಚು ಗೆರೆ ಖರ್ಚು ಮಾಡಿಲ್ಲ, ಆದರೂ ಅದರ ಕಾಲು ಇನ್ನೂ ಗಟ್ಟಿಯಾಗಿಲ್ಲ ಅಂತ ಗೊತ್ತಾಗುತ್ತದೆ. ಬ್ರಿಟಿಷ್ ಚಿತ್ರಕಾರ ಡೇವಿಡ್ ಹಾಕ್ನಿ ಇದಕ್ಕಿಂತ ದೊಡ್ಡ ಡ್ರಾಯಿಂಗ್ ಇನ್ನೊಂದಿಲ್ಲ ಅನ್ನುವ ಅರ್ಥದಲ್ಲಿ ಹೊಗಳಿದ್ದಾರೆ. ನಾನು ಅದನ್ನು ಪ್ರಿಂಟ್ ತೆಗೆದು ಪುಸ್ತಕದ ಹಿಂದೆ ಅಂಟಿಸಿಕೊಂಡಿದ್ದೇನೆ.

ಫೋಟೋ ನೋಡಿ ಬರೆಯಿರಿ ಅಂದವರ ಜೊತೆ ನನ್ನ ಜಗಳ ಇದೆ. ಚೌಕ ತುಂಬಿಸುವುದು ರಂಗೋಲಿ ಚುಕ್ಕೆ ಸೇರಿಸಿದ ಹಾಗೆ. ಸೇರಿಸಿ, ತಪ್ಪೇನಿಲ್ಲ, ಆದರೆ ಅದರಲ್ಲಿ ಪುಟ್ಟ ಎಲ್ಲಿ? ಅದೂ ಅಲ್ಲದೆ ಮಕ್ಕಳ ಫೋಟೋವನ್ನು ಎಲ್ಲರೂ ಮುಖದ ಹತ್ತಿರ ಫೋನ್ ಹಿಡಿದು ತೆಗೆಯುತ್ತಾರೆ. ಅಷ್ಟು ಹತ್ತಿರದಿಂದ ತೆಗೆದರೆ ಮೂಗು ಇರುವುದಕ್ಕಿಂತ ದಪ್ಪ ಬರುತ್ತದೆ, ಕಿವಿ ಹಿಂದಕ್ಕೆ ಓಡುತ್ತದೆ. ನಿಂತು ಮೇಲಿನಿಂದ ತೆಗೆದರೆ ತಲೆ ಕುಂಬಳಕಾಯಿ, ಕಾಲು ಬೆಂಕಿಕಡ್ಡಿ. ಚೌಕ ಹಾಕಿ ನಿಷ್ಠೆಯಿಂದ ಕಾಪಿ ಮಾಡಿದರೆ ಆ ತಪ್ಪೂ ನಿಷ್ಠೆಯಿಂದ ಬರುತ್ತದೆ.

ಇನ್ನೊಂದು ಮಾತು, ನಿಮಗಲ್ಲ, ಓದುವ ಬೇರೆಯವರಿಗೆ. ಬೇರೆಯವರ ಮಕ್ಕಳನ್ನು ಬಸ್ಸಿನಲ್ಲೋ ಪಾರ್ಕಿನಲ್ಲೋ ಬರೆಯುವಾಗ ಅಪ್ಪ ಅಮ್ಮನಿಗೆ ಒಂದು ಮಾತು ಹೇಳಿ, ಪುಸ್ತಕ ತೋರಿಸಿ. ಬೇಡ ಅಂದರೆ ಮುಚ್ಚಿಡಿ. ನಾನು ಒಮ್ಮೆ ಹೇಳದೆ ಬರೆಯುತ್ತಿದ್ದೆ, ಮಗುವಿನ ತಂದೆ ಎದ್ದು ಬಂದು ಏನ್ರೀ ಅದು ಅಂದರು. ಅವರದು ತಪ್ಪಿರಲಿಲ್ಲ.

---

ಮೂಲೆ ಅಂಗಡಿ:

ಜಗಳಕ್ಕೆ ಕರೆದರೆ ಬರಲೇಬೇಕಲ್ಲ. ಸರ್, ನೀವು ಐದು ವರ್ಷದಿಂದ ದಿನಾ ಬರೆಯುತ್ತಿದ್ದೀರಿ, ಕೈ ಕೂತಿದೆ. ಅವರು ಹದಿನೆಂಟು ವರ್ಷ ಬಿಟ್ಟು ಈಗ ಶುರು ಮಾಡಿದ್ದಾರೆ. ಮೊದಲು ಒಂದು ಚಿತ್ರ ಹುಡುಗನ ಹಾಗೆ ಬರಲಿ, ಧೈರ್ಯ ಬರುತ್ತದೆ. ಹನ್ನೊಂದು ಸಲ ಅಪ್ಪನ ಮುಖ ಬಂದರೆ ಯಾರಿಗಾದರೂ ಬೇಜಾರಾಗುವುದಿಲ್ಲವಾ?

ಫೋಟೋ ದೂರದಿಂದ ತೆಗೆದು ಆಮೇಲೆ ದೊಡ್ಡದು ಮಾಡಿಕೊಂಡರೆ ನೀವು ಹೇಳಿದ ಮೂಗಿನ ತೊಂದರೆ ಅಷ್ಟು ಇರುವುದಿಲ್ಲ. ಹತ್ತು ಹನ್ನೆರಡು ಅಡಿ ದೂರ ನಿಲ್ಲಿ, ಮಗುವಿನ ಕಣ್ಣಿನ ಮಟ್ಟಕ್ಕೆ ಕೂತುಕೊಂಡು ತೆಗೆಯಿರಿ.

---

ಡ್ರಾಯಿಂಗ್ ಮೇಷ್ಟ್ರು (ನಿವೃತ್ತ):

ಇಬ್ಬರೂ ನಿಲ್ಲಿ. ಅಂಗಡಿಯವರು ಹೇಳಿದ ದೂರದ ವಿಷಯ ಸರಿ. ನಾನು ಮಾಡುವುದು ಹೀಗೆ: ಮೊದಲು ನೋಡಿ ಬರೆಯುತ್ತೇನೆ. ಮುಗಿದ ಮೇಲೆ ಗುಂಡಿ ಎಷ್ಟಿದ್ದವು, ಅಂಗಿಯ ತೋಳು ಎಲ್ಲಿಗೆ ಬಂದಿತ್ತು ಅಂತ ಅನುಮಾನ ಬಂದರೆ ಮಾತ್ರ ಫೋಟೋ ನೋಡುತ್ತೇನೆ. ಮೊದಲೇ ಫೋಟೋ ನೋಡಿದರೆ ಕಣ್ಣು ಸೋಮಾರಿಯಾಗುತ್ತದೆ.

---

ಎರಡು ಜಡೆ:

ಅಕ್ಕ, ಮಗು ಅಲುಗಾಡದೆ ಕೂರುವ ಹೊತ್ತು ದಿನದಲ್ಲಿ ಒಂದೆರಡು ಇದ್ದೇ ಇರುತ್ತವೆ, ಅದನ್ನು ಕದಿಯಬೇಕು ಅಷ್ಟೇ. ನಾನು ಧಾರವಾಡದವಳು. ನನ್ನ ಮಗಳಿಗೆ ಆರು ವರ್ಷ. ಬೆಳಗ್ಗೆ ಸಾಲಿಗೆ ಹೋಗುವ ಮುಂಚೆ ನಮ್ಮ ಅತ್ತೆ ಅವಳಿಗೆ ಎರಡು ಜಡೆ ಹಾಕುತ್ತಾರೆ. ಎಣ್ಣೆ, ಬಾಚಣಿಗೆ, ಬೈತಲೆ, ರಿಬ್ಬನ್, ಎಲ್ಲ ಸೇರಿ ಏಳೆಂಟು ನಿಮಿಷ. ಅಲುಗಿದರೆ ಅಜ್ಜಿ ಬಾಚಣಿಗೆಯಲ್ಲಿ ತಲೆಗೆ ಟಕ್ ಅನ್ನಿಸುತ್ತಾರೆ, ಹಾಗಾಗಿ ನನಗೆ ಇದಕ್ಕಿಂತ ಒಳ್ಳೆ ಮಾಡೆಲ್ ಸಿಗುವುದಿಲ್ಲ. ಜಡೆ ಎಳೆದಾಗ ಹುಬ್ಬು ಮೇಲಕ್ಕೆ ಹೋಗುತ್ತದಲ್ಲ, ಆ ಮುಖ ನಾನು ಎಷ್ಟು ಸಲ ಬರೆದಿದ್ದೇನೋ.

ಒಂದು ಕಷ್ಟ ಹೇಳುತ್ತೇನೆ. ಎಣ್ಣೆ ಹಚ್ಚಿದ ಕೂದಲು. ಮೊದಮೊದಲು ಕಪ್ಪಗಿದೆ ಅಂತ ಪೂರ್ತಿ ಕಪ್ಪು ಬಳಿದೆ, ಹೆಲ್ಮೆಟ್ ಹಾಕಿದ ಹಾಗೆ ಕಂಡಿತು. ಆಮೇಲೆ ಗೊತ್ತಾಯಿತು, ಎಣ್ಣೆಗೂದಲಿನಲ್ಲಿ ಬೆಳಕು ಪಟ್ಟಿಯಾಗಿ ಬೀಳುತ್ತದೆ, ಆ ಪಟ್ಟಿಯನ್ನು ಮೊದಲೇ ಬಿಳಿ ಬಿಟ್ಟು ಸುತ್ತ ಕಪ್ಪು ಮಾಡಬೇಕು. ಬೈತಲೆಯ ಎರಡು ಕಡೆಯೂ ಗೆರೆ ಕೂದಲು ಬಾಚಿದ ದಿಕ್ಕಿಗೇ ಹೋಗಬೇಕು. ಒಂದೊಂದು ಕೂದಲು ಬರೆಯಬೇಡಿ. ಹಣೆ ಹತ್ತಿರ ಬಾಚಣಿಗೆಗೆ ಸಿಗದ ಮರಿಗೂದಲು ಇರುತ್ತವಲ್ಲ, ಅವು ನಾಲ್ಕೈದು ಸಾಕು.

ಬೇರೆ ಹೊತ್ತುಗಳು: ಟಿವಿ ಮುಂದೆ (ಬಾಯಿ ತೆರೆದಿರುತ್ತದೆ, ಹಾಗೇ ಬರೆಯಿರಿ), ಕಟಿಂಗ್ ಮಾಡಿಸುವಾಗ, ಜ್ವರ ಬಿಟ್ಟ ಮಾರನೇ ದಿನ, ನಿದ್ದೆ. ನಿದ್ದೆ ಸುಲಭ ಅಂತ ಎಲ್ಲರೂ ಹೇಳುತ್ತಾರೆ, ನನಗೆ ಅದು ಅಷ್ಟು ಇಷ್ಟ ಇಲ್ಲ. ಮಲಗಿದ ಮಕ್ಕಳೆಲ್ಲ ಒಂದೇ ತರಹ.

ಆಮೇಲೆ ಪೆನ್ಸಿಲ್ ಕಸಿದುಕೊಳ್ಳುವುದು ಶುರುವಾಗುತ್ತದೆ, ಸಿದ್ಧವಾಗಿರಿ. ಅವಳಿಗೂ ಒಂದು ಪುಸ್ತಕ ಒಂದು ಪೆನ್ಸಿಲ್ ಕೊಟ್ಟು ಎದುರಿಗೆ ಕೂರಿಸಿಕೊಂಡೆ. ಈಗ ಇಬ್ಬರೂ ಒಬ್ಬರನ್ನೊಬ್ಬರು ಬರೆಯುತ್ತೇವೆ. ಅವಳು ಬರೆಯಲು ತಲೆ ಬಗ್ಗಿಸಿದ್ದೇ ನನಗೆ ಬೇಕಾದ ಭಂಗಿ. ಮೊನ್ನೆ ನನ್ನ ಚಿತ್ರ ನೋಡಿ "ಇನ್ನೊಂದು ಕಾಲು ಎಲ್ಲಿ?" ಅಂದಳು. ಲಂಗದ ಒಳಗೆ ಮಡಿಸಿದ್ದೀಯಲ್ಲ ಕಾಣುವುದಿಲ್ಲ ಅಂದೆ. "ಕಾಣದಿದ್ದರೂ ನನಗೆ ಎರಡು ಕಾಲು" ಅಂತ ತಾನೇ ಲಂಗದ ಮೇಲೆ ಒಂದು ಕಾಲು ಬರೆದಳು, ಐದು ಬೆರಳು ಸಮೇತ. ಅಳಿಸಿಲ್ಲ. ಪುಟದ ಮೂಲೆಯಲ್ಲಿ ತಾರೀಕು ಹಾಕಿಟ್ಟಿದ್ದೇನೆ. ನೀವೂ ತಾರೀಕು ಹಾಕಿ ಅಕ್ಕ, ಆಮೇಲೆ ಯಾವುದು ಯಾವಾಗಿನದು ಅಂತ ನೆನಪಿರುವುದಿಲ್ಲ.

---

ಮೆಂಡರ್:

ಪೆನ್ಸಿಲ್ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ ಅಂತ ನಾನು ಬಂದೆ. ಎಚ್ ಅಂದರೆ ಗಟ್ಟಿ, ಬಿ ಅಂದರೆ ಕಪ್ಪು, ಅಕ್ಷರದ ಎಡಗಡೆಯ ಅಂಕಿ ಹೆಚ್ಚಿದಷ್ಟೂ ಆ ಗುಣ ಹೆಚ್ಚು. ನಾವು ಸೀಸದಕಡ್ಡಿ ಅನ್ನುತ್ತೇವೆ, ಒಳಗೆ ಸೀಸ ಚೂರೂ ಇಲ್ಲ, ಗ್ರಾಫೈಟ್ ಪುಡಿ ಮತ್ತು ಜೇಡಿಮಣ್ಣು ಕಲಸಿ ಸುಟ್ಟದ್ದು. ಮಣ್ಣು ಜಾಸ್ತಿ ಆದರೆ ಗಟ್ಟಿ, ಗ್ರಾಫೈಟ್ ಜಾಸ್ತಿ ಆದರೆ ಮೆತ್ತಗೆ ಕಪ್ಪು. 1795ರಲ್ಲಿ ಕೊಂಟೆ ಅನ್ನುವ ಫ್ರೆಂಚಿನವನು ಈ ಕಲಸುವ ವಿದ್ಯೆಗೆ ಪೇಟೆಂಟ್ ತಗೊಂಡ. ಇವತ್ತಿಗೂ ಅದೇ.

ಎಚ್‌ಬಿಯಲ್ಲೂ ಬರೆಯಬಹುದು, ಆದರೆ ಕಪ್ಪು ಬೇಕು ಅಂತ ಒತ್ತಿದರೆ ಹಾಳೆಯಲ್ಲಿ ಗುಂಡಿ ಬೀಳುತ್ತದೆ. ಅಪ್ಸರಾದ ಡ್ರಾಯಿಂಗ್ ಪೆನ್ಸಿಲ್ ಬಿಡಿಯಾಗಿ ಸಿಗುತ್ತವೆ, ಪೂರ್ತಿ ಸೆಟ್ ಬೇಡ. 6ಬಿ ತಗೊಂಡರೆ ಮೆಂಡರಿನಲ್ಲಿ ತಿರುಗಿಸಬೇಡಿ, ಒಳಗಿನ ಕಡ್ಡಿ ಮುರಿದು ಮುರಿದು ಅರ್ಧ ಪೆನ್ಸಿಲ್ ಕಸಕ್ಕೇ ಹೋಗುತ್ತದೆ. ಬ್ಲೇಡಿನಲ್ಲಿ ಉದ್ದಕ್ಕೆ ಹೆರೆದುಕೊಳ್ಳಿ. ಹುಡುಗ ಹತ್ತಿರ ಇಲ್ಲದಾಗ. ಉದ್ದ ಮೊನೆ ಇದ್ದರೆ ಅಡ್ಡ ಹಿಡಿದಾಗ ಅಗಲ ಗೆರೆ, ನೇರ ಹಿಡಿದಾಗ ಸಣ್ಣ ಗೆರೆ, ಒಂದರಲ್ಲೇ ಎರಡೂ ಆಗುತ್ತದೆ.

ಆಫೀಸಿನ ಎ4 ಹಾಳೆ ಸಾಮಾನ್ಯವಾಗಿ 70–80 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂ ಲೆಕ್ಕದಲ್ಲಿ), ನುಣುಪು ಜಾಸ್ತಿ, ಮೆತ್ತನೆ ಪೆನ್ಸಿಲ್ ಅದರ ಮೇಲೆ ಜಾರುತ್ತದೆ. 130 ಜಿಎಸ್‌ಎಂ ಮೇಲಿನ ಕಾರ್ಟ್ರಿಡ್ಜ್ ಹಾಳೆಯ (ಚಿತ್ರಕ್ಕೆಂದೇ ಇರುವ ದಪ್ಪ ಹಾಳೆ) ಪುಸ್ತಕ ತಗೊಳ್ಳಿ. ಆದರೆ ಒಂದು ಮಾತು, ಒಳ್ಳೆ ಪುಸ್ತಕ ತಂದ ಮೇಲೆ ಹಾಳು ಮಾಡಬಾರದು ಅಂತ ಕೈ ನಡುಗುತ್ತದೆ, ನನಗೆ ಈಗಲೂ. ಓಡಾಡುವಾಗ ಗೀಚಲು ಆಫೀಸಿನ ಹಾಳೆಯೇ ಇರಲಿ.

---

ಹಿತ್ತಲ ಬಾಗಿಲು:

ಎರಡು ವಾರ ಆಯಿತು, ತಡವಾಗಿ ಬರುತ್ತಿದ್ದೇನೆ, ಕ್ಷಮಿಸಿ. ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ.

ಮೇಷ್ಟ್ರೇ, ಕಿವಿ ಪರೀಕ್ಷೆ ಮಾಡಿಸಿದೆ. ಬಲಗೈ ನೆತ್ತಿ ದಾಟಿ ಸ್ವಲ್ಪ ಕೆಳಗೆ ಬಂದು ಅಲ್ಲೇ ನಿಂತಿತು. ಅವನು ಬಿಡಲಿಲ್ಲ, ತಲೆಯನ್ನೇ ಕೈ ಕಡೆ ವಾಲಿಸಿ ಮುಟ್ಟಲು ನೋಡಿದ, ಹಾಗೇ ಚಾಪೆ ಮೇಲೆ ಉರುಳಿಕೊಂಡ. ಅಪ್ಪ ತಾವೂ ಒಂದನೇ ಕ್ಲಾಸಿಗೆ ಹಾಗೇ ಸೇರಿದ್ದು ಅಂದರು, ಮೊದಲ ವರ್ಷ ಮುಟ್ಟದೆ ವಾಪಸು ಬಂದಿದ್ದರಂತೆ. ಆಮೇಲೆ ಹಳೇ ಚಿತ್ರ ತೆಗೆದು ಅಳೆದೆ. ನೀವು ಹೇಳಿದ್ದು ನಿಜ. ನನ್ನ ಪುಟ್ಟ ಅದೇ ಕೈಯಲ್ಲಿ ಬೆನ್ನು ಕೆರೆದುಕೊಳ್ಳಬಹುದಿತ್ತು.

ಎರಡು ಜಡೆ ಅವರು ಹೇಳಿದ ಹಾಗೆ ಟಿವಿ ಮುಂದೆ ಕೂರಿಸಿ ಬರೆದೆ. ಮುಖ ಈಗ ಹುಡುಗನದೇ, ಗಡ್ಡ ಹೋಗಿದೆ. ಆದರೆ ಯಾರ ಮನೆ ಹುಡುಗ ಅಂತ ಗೊತ್ತಾಗುವುದಿಲ್ಲ.

ಹೋದ ಶನಿವಾರ ಹಿತ್ತಲಲ್ಲಿ ಇರುವೆ ಸಾಲು ನೋಡುತ್ತಾ ಕುಕ್ಕರಗಾಲಲ್ಲಿ ಕೂತಿದ್ದ. ನಾನು ಬಾಗಿಲಲ್ಲಿ ಇದ್ದೆ, ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನಿನ ಗೆರೆ ಮೊದಲು ಹಿಡಿದೆ. ಬನಿಯನ್ನಿನ ಒಂದು ಪಟ್ಟಿ ಹೆಗಲಿನಿಂದ ಜಾರಿತ್ತು. ಇವರೆಲ್ಲ ಹಿಮ್ಮಡಿ ಪೂರ್ತಿ ನೆಲಕ್ಕೆ ಊರಿ ಅದು ಹೇಗೆ ಅಷ್ಟು ಹೊತ್ತು ಕೂರುತ್ತಾರೋ, ನನಗೆ ಮಂಡಿ ನೋವು ಬರುತ್ತದೆ. ತಲೆ ಬಗ್ಗಿಸಿದ್ದರಿಂದ ಎರಡು ಕಿವಿ ಆಚೆ ಈಚೆ, ನಡುವೆ ಕತ್ತಿನ ಹಳ್ಳ. ಕಡ್ಡಿಯೊಂದರಿಂದ ಇರುವೆಗೆ ದಾರಿ ತೋರಿಸುತ್ತಿದ್ದ, ಕಡ್ಡಿ ಮಾತ್ರ ಪಕ್ಕದಿಂದ ಕಂಡಿತು. ಏಳೆಂಟು ಗೆರೆ ಆಗುವಷ್ಟರಲ್ಲಿ ಎದ್ದುಹೋದ. ಅಲ್ಲಿಗೇ ಬಿಟ್ಟೆ.

ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದರು, ಏನೂ ಹೇಳದೆ ಪುಸ್ತಕ ಮುಂದೆ ಹಿಡಿದೆ. "ಬನಿಯನ್ ಹಾಕಿಕೊಂಡು ಹಿತ್ತಲಿಗೆ ಯಾಕೆ ಬಿಟ್ಟೆ ಅವನನ್ನ, ಮಳೆ ಹನಿಯುತ್ತಿದೆ" ಅಂದರು.

ಇನ್ನೊಂದು ಸಣ್ಣ ಪ್ರಶ್ನೆ ಉಳಿದಿದೆ. 4ಬಿಯಲ್ಲಿ ಬರೆದದ್ದೆಲ್ಲ ಪುಸ್ತಕ ಮುಚ್ಚಿ ತೆಗೆದರೆ ಎದುರಿನ ಪುಟಕ್ಕೆ ಹತ್ತುತ್ತಿದೆ. ಇರುವೆ ಚಿತ್ರ ಆಗಲೇ ಮಸುಕಾಗಿದೆ. ಕೂದಲಿಗೆ ಹಾಕುವ ಸ್ಪ್ರೇ ಹೊಡೆದರೆ ನಿಲ್ಲುತ್ತದೆ ಅಂತ ಯಾರೋ ಹೇಳಿದರು. ಹೊಡೆಯಲಾ?

---

ಮೆಂಡರ್:

ಬೇಡ! ಕೂದಲಿನ ಸ್ಪ್ರೇ ಹೊಡೆದ ಹಾಳೆ ಕೆಲವು ವರ್ಷಕ್ಕೆ ಹಳದಿ ಆಗುತ್ತದೆ, ನನ್ನವು ಆಗಿವೆ. ಪೆನ್ಸಿಲ್ ಪುಡಿ ಹಾಳೆಗೆ ಹಿಡಿದು ನಿಲ್ಲಲು ಹೊಡೆಯುವ ಸ್ಪ್ರೇ, ಫಿಕ್ಸೇಟಿವ್ ಅಂತಲೇ ಡಬ್ಬ ಸಿಗುತ್ತದೆ. ಬಯಲಿನಲ್ಲಿ, ಒಂದಡಿ ದೂರದಿಂದ, ತೆಳ್ಳಗೆ ಎರಡು ಸಲ. ಮಗು ಇರುವ ರೂಮಿನಲ್ಲಿ ಹೊಡೆಯಬೇಡಿ, ವಾಸನೆ ಕೆಟ್ಟದು.

---

ಮೂಲೆ ಅಂಗಡಿ:

ಅದೂ ಬೇಡ ಮೇಡಂ, ಸುಮ್ನೆ ದುಡ್ಡು. ಎರಡು ಪುಟದ ನಡುವೆ ಬಟರ್ ಪೇಪರ್ ಇಡಿ. ಸ್ಟೇಷನರಿ ಅಂಗಡಿಯಲ್ಲಿ ಬಿಡಿ ಹಾಳೆ ಲೆಕ್ಕದಲ್ಲಿ ಕೊಡುತ್ತಾರೆ. ಪುಸ್ತಕಕ್ಕಿಂತ ಅರ್ಧ ಇಂಚು ಚಿಕ್ಕದಾಗಿ ಕತ್ತರಿಸಿಕೊಳ್ಳಿ, ಇಲ್ಲದಿದ್ದರೆ ಅಂಚು ಮಡಿಸಿಕೊಂಡು ಅದೇ ಉಜ್ಜುತ್ತದೆ. ಪುಸ್ತಕಕ್ಕೆ ಅಡ್ಡ ಒಂದು ರಬ್ಬರ್ ಬ್ಯಾಂಡ್ ಹಾಕಿಡಿ, ಪುಟ ಅಲುಗಾಡುವುದು ನಿಲ್ಲುತ್ತದೆ.